ಸೀಮೆಬದನೆ ನಮ್ಮ ಚಪ್ಪರಕ್ಕೆ ಬಂದ ಬಗೆ



ಸೀಮೆಬದನೆಯನ್ನು ನೀವು ಸಂತೆಯಲ್ಲಿ ಕಂಡಿದ್ದೀರಿ. ಕೆಲವರು ಹಿತ್ತಿಲಲ್ಲೂ ಹಬ್ಬಿಸಿದ್ದೀರಿ. ಇದಕ್ಕೆ ಈ ಹೆಸರು ಯಾಕೆ ಬಂತು ಅಂತ ಯೋಚಿಸಿದ್ದೀರಾ? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ನೋಡಿ. ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು 'ಸೀಮೆ' ಅಂತ ಸೇರಿಸಿ ಕರೆದರು. ಇತ್ತ ತಮಿಳರು ಇದನ್ನೇ 'ಬೆಂಗಳೂರು ಕತ್ತರಿಕ್ಕಾಯ್' ಅನ್ನುತ್ತಾರೆ, ತೆಲುಗರು 'ಬೆಂಗಳೂರು ವಂಕಾಯ' ಅನ್ನುತ್ತಾರೆ. ನಾವು ಪರದೇಶದ್ದು ಅಂದದ್ದನ್ನು ನೆರೆಯವರು ನಮ್ಮದೇ ಅಂದರು! ಈ ಎರಡು ಹೆಸರುಗಳಲ್ಲೇ ಇದರ ಚರಿತ್ರೆ ಅಡಗಿದೆ.

ಬದನೆಗೂ ಇದಕ್ಕೂ ನಂಟಿಲ್ಲ. ಇದು ಸೋರೆ, ಹೀರೆ, ಕುಂಬಳಗಳ ಕುಲದ್ದು. ಇದರ ತವರು ಅಮೆರಿಕಾ ಖಂಡದ ಮೆಕ್ಸಿಕೋ, ಗ್ವಾಟೆಮಾಲ ಕಡೆಯ ಬೆಟ್ಟದ ನಾಡು. ಅಲ್ಲಿಯ ಜನ ಕಾಯಿಯನ್ನಷ್ಟೇ ಅಲ್ಲ, ಎಳೆಯ ಕುಡಿಯನ್ನೂ ಬೇರಿನ ಗೆಡ್ಡೆಯನ್ನೂ ಬೇಯಿಸಿ ಉಣ್ಣುತ್ತಾರೆ.

ಅಷ್ಟು ದೂರದ ಬಳ್ಳಿ ಇಲ್ಲಿಗೆ ಬಂದದ್ದು ಲಾಲ್‌ಬಾಗಿನ ದಾರಿಯಾಗಿ. ಹೈದರಾಲಿ ೧೭೬೦ರಲ್ಲಿ ಹಾಕಿಸಿದ ಈ ತೋಟ ೧೮೫೬ರಲ್ಲಿ ಸರ್ಕಾರದ ಸಸ್ಯತೋಟವಾಯಿತು. ೧೮೭೪ರಿಂದ ೧೯೦೮ರ ತನಕ ಅಲ್ಲಿ ಸೂಪರಿಂಟೆಂಡೆಂಟರಾಗಿದ್ದ ಜಾನ್ ಕ್ಯಾಮೆರಾನ್ ಅವರು ಪರದೇಶದ ಗಿಡಗಳನ್ನು ತರಿಸಿ, ನಮ್ಮ ಮಣ್ಣು ಹವೆಗೆ ಒಗ್ಗುತ್ತವೆಯೇ ಅಂತ ಬೆಳೆಸಿ ನೋಡಿದರು. ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರು ಅವರೇ.

ಆದರೆ ತೋಟಕ್ಕೆ ಬಂದ ಗಿಡವೆಲ್ಲ ಊರಿಗೆ ಬರುವುದಿಲ್ಲ. ಅದು ನಮ್ಮ ಒಲೆಗೆ ಒಗ್ಗಬೇಕು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಕೂಡ ಅದೇ ಖಂಡದಿಂದ ಬಂದವು. ಹಲವು ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕುತ್ತಾರಲ್ಲ, ಅದು ಹಳೆಯ ಅಡುಗೆಯ ನೆನಪು. ಸೀಮೆಬದನೆಯೂ ಹಾಗೇ ನಮ್ಮ ಹುಳಿಗೆ, ಕೂಟಿಗೆ, ಕಡಲೆಬೇಳೆ ಹಾಕಿದ ಪಲ್ಯಕ್ಕೆ ಹೊಂದಿಕೊಂಡಿತು. ಸಿಪ್ಪೆಯನ್ನು ಎಸೆಯಬೇಡಿ. ಎಣ್ಣೆಯಲ್ಲಿ ಹುರಿದು ಎಳ್ಳು, ಮೆಣಸಿನಕಾಯಿ, ಹುಣಿಸೆಹಣ್ಣು ಸೇರಿಸಿ ರುಬ್ಬಿದರೆ ಒಳ್ಳೆಯ ಚಟ್ನಿ. ಹೆಚ್ಚುವಾಗ ಸೊನೆ ಕೈಗೆ ಅಂಟುತ್ತದೆ, ಮೊದಲೇ ಎಣ್ಣೆ ಸವರಿಕೊಳ್ಳಿ.

ಇದರಲ್ಲಿ ಮುಖ್ಯವಾದ ಸಂಗತಿ ಒಂದಿದೆ. ರಾಗಿ, ಅವರೆಯಂತೆ ಇದರ ಬೀಜವನ್ನು ಒಣಗಿಸಿ ಗಂಟು ಕಟ್ಟಿಡಲಾಗದು. ಕಾಯಿಗೊಂದೇ ಬೀಜ. ಅದು ಒಣಗಿದರೆ ಸತ್ತಿತು. ಇಡೀ ಕಾಯಿಯನ್ನೇ ನೆಡಬೇಕು. ಅಂದಮೇಲೆ ಈ ಬಳ್ಳಿಯನ್ನು ಊರಲ್ಲಿ ಉಳಿಸುವವರು ಯಾರು? ಬಲಿತ ಕಾಯೊಂದನ್ನು ಹುಳಿಗೆ ಹಾಕದೆ ಎತ್ತಿಡುವ ಮನೆಯವರೇ. ಕೊನೆಯ ಕಾಯಿಯೂ ಪಾತ್ರೆಗೆ ಬಿದ್ದರೆ, ಹಳೆಯ ಬಳ್ಳಿ ಸತ್ತ ದಿನ ನಿಮ್ಮ ಹಿತ್ತಿಲಲ್ಲಿ ಇದರ ಕಥೆ ಮುಗಿಯಿತು.

ಆದ್ದರಿಂದ ಹೀಗೆ ಮಾಡಿ. ಚೆನ್ನಾಗಿ ಬಲಿತ ಕಾಯಿಯನ್ನು ನೆರಳಿನ ಮೂಲೆಯಲ್ಲಿಡಿ. ಕೆಲವು ವಾರಗಳಲ್ಲಿ ತುದಿಯಿಂದ ಮೊಳಕೆ ಹೊರಡುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು, ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಮಳೆಗಾಲದ ಮೊದಲಲ್ಲಿ ಕಾಯಿಯನ್ನು ಓರೆಯಾಗಿ ನೆಡಿ. ಮೊಳಕೆ ಮಣ್ಣಿನ ಮೇಲಿರಲಿ. ಬುಡದಲ್ಲಿ ನೀರು ನಿಲ್ಲಬಾರದು. ಗಟ್ಟಿಯಾದ ಚಪ್ಪರ ಬೇಕು, ಬಳ್ಳಿ ಭಾರವಾದದ್ದು. ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬಿಟ್ಟರೂ ಕಾಯಿ ಕಟ್ಟಲು ಜೇನು ಬರಬೇಕು. ಹೂವಿರುವಾಗ ಕೀಟನಾಶಕ ಹೊಡೆಯಬೇಡಿ. ತಂಪು ಹವೆಯ ಬೆಂಗಳೂರು, ಮಲೆನಾಡಿನ ಕಡೆ ಇದು ಸುಖವಾಗಿ ಬೆಳೆಯುತ್ತದೆ. ಬಿರುಬಿಸಿಲಿನ ಊರಾದರೆ ಮಧ್ಯಾಹ್ನದ ನೆರಳು ಬೀಳುವ ಕಡೆ ಹಾಕಿ ನೋಡಿ.

ಕಾಯಿ ಬಿಟ್ಟಾಗ ಒಂದನ್ನು ಬೀಜಕ್ಕೆ ಇಟ್ಟುಕೊಳ್ಳಿ, ಒಂದನ್ನು ನೆರೆಮನೆಗೆ ಕೊಡಿ. ನಿಮ್ಮ ಬಳ್ಳಿ ಕೆಟ್ಟ ವರ್ಷ ಅವರ ಚಪ್ಪರದಿಂದ ನಿಮಗೆ ಕಾಯಿ ಮರಳಿ ಬರುತ್ತದೆ.