ಹಾರ್ಪರ್ರೂ ನಮ್ಮ ಹಗ್ಗದಮ್ಮನೂ

ಅಮೆರಿಕದಾಗಿರೋ ನಮ್ಮಣ್ಣನ ಮಗಳು ಮೊನ್ನೆ ಫೋನ್ ಮಾಡಿದ್ಲು. ಅವಳ ಮಗಳ ಗೆಳತಿ ಹೆಸ್ರು ಹಾರ್ಪರ್ ಅಂತೆ. "ಅಂಗಂದ್ರೆ ಏನೇ?" ಅಂದೆ. ಹಾರ್ಪ್ ಅನ್ನೋ ತಂತಿವಾದ್ಯ ನುಡಿಸೋರು ಅಂತ ಅರ್ಥವಂತೆ.

ಸ್ಕಾಟ್ಲೆಂಡ್, ಇಂಗ್ಲೆಂಡ್ ಕಡೆ ಹಿಂದೆ ಕಸುಬೇ ಎಷ್ಟೋ ಮನೆತನಗಳಿಗೆ ಹೆಸ್ರಾಯ್ತು. ಹಾರ್ಪರ್ರೂ ಅಂಥದ್ದೇ. ಈಗ ಅದನ್ನ ಹೆಣ್ಣುಕೂಸಿಗೆ ಇಡ್ತಾರೆ. 1960ರಲ್ಲಿ ಹೆಸರಾಂತ ಕಾದಂಬರಿ ಬರೆದ ಹಾರ್ಪರ್ ಲೀ ಕೂಡ ಹೆಣ್ಮಗಳೇ. ಸ್ಕಾಟ್ಲೆಂಡಲ್ಲಿ ಬ್ಯಾಕ್‌ಸ್ಟರ್ ಅಂತ ಇನ್ನೊಂದು ಮನೆತನದ ಹೆಸ್ರೈತೆ. ಹಳೇ ಇಂಗ್ಲಿಷಿನಲ್ಲಿ ಅದು ರೊಟ್ಟಿ ಬೇಯಿಸೋ ಹೆಂಗಸಿಗೆ ಇದ್ದ ಮಾತು. ಆಮೇಲೆ ಗಂಡಸರಿಗೂ ಅಂಟ್ಕೊಂಡ್ತು. "ಹೂವು, ದೇವ್ರ ಹೆಸ್ರಿಗಿಂತ ಇದು ಗಟ್ಟಿಯಾಗಿ ಕೇಳ್ಸುತ್ತೆ ಅತ್ತೆ, ಏನೋ ಮಾಡೋಳು ಅನ್ನಂಗಿರುತ್ತೆ" ಅಂದ್ಲು.

ಫೋನ್ ಇಟ್ಮೇಲೆ ನಂಗೆ ನಮ್ಮ ಶರಣೆಯರು ನೆನಪಾದ್ರು. 12ನೇ ಶತಮಾನದ ಕಲ್ಯಾಣದಲ್ಲಿ ಕದಿರು ತಿರುಗಿಸಿ ನೂಲು ತೆಗೀತಿದ್ದೋಳು ಕದಿರ ರೆಮ್ಮವ್ವೆ. ಭತ್ತ ಕುಟ್ಟೋಳು ಕೊಟ್ಟಣದ ಸೋಮಮ್ಮ. ಸೌದೆ ಹೊರೆ ಮಾರೋ ಮನೆಯೋಳು ಮೋಳಿಗೆ ಮಹಾದೇವಿ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದೋಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದಿನ ಜಾಸ್ತಿ ಅಕ್ಕಿ ತಂದಾಗ, ಇಷ್ಟೊಂದು ನಮಗ್ಯಾಕೆ, ವಾಪಸ್ ಸುರಿದು ಬನ್ನಿ ಅಂದ ಗಟ್ಟಿಗಿತ್ತಿ ಅವಳು. ಇವರೆಲ್ಲ ವಚನ ಬರೆದೋರು. ಅಪ್ಪನ ಹೆಸ್ರು, ಊರ ಹೆಸ್ರು ಅಲ್ಲ, ಕಾಯಕವೇ ಇವರ ಹೆಸ್ರಿನ ಮುಂದೆ ನಿಂತೈತೆ.

ಬೋರನಕಣಿವೆ ಕಡೆ ನಮ್ಮಜ್ಜಿನ ಎಲ್ರೂ ಹಗ್ಗದಮ್ಮ ಅಂತಿದ್ರು. ಕಾಯಿಮಟ್ಟೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಹಗ್ಗ ಹೊಸೀತಿದ್ಲು. ಬಾವಿಗೂ ಅದೇ ಹಗ್ಗ, ಎತ್ತಿಗೂ ಅದೇ ಹಗ್ಗ. ಅಂಗೈಯಂತೂ ಚಕ್ಕೆ ಚಕ್ಕೆ. ಸ್ಕೂಲಲ್ಲಿ ಹುಡುಗೀರು "ಹಗ್ಗದಮ್ಮನ ಮೊಮ್ಮಗಳು" ಅಂದ್ರೆ ನಂಗೆ ಅಳು ಬರೋದು. ಪಿಯುಸಿಗೆ ಸೇರಿದಾಗ ಗೆಳತೀರಿಗೆ ಅಜ್ಜಿ ಸುದ್ದಿನೇ ಹೇಳ್ಲಿಲ್ಲ. ಒಂದ್ಸಲ ಬಸ್‌ಸ್ಟ್ಯಾಂಡಲ್ಲಿ ಎದುರಿಗೆ ಸಿಕ್ರೂ ಮಾತಾಡಿಸ್ದೆ ಮುಂದೆ ಹೋದೆ. ಅಜ್ಜಿ ಮನೇಲಿ ಆ ಸುದ್ದಿ ಎತ್ಲೇ ಇಲ್ಲ. ನನ್ನ ಕಾಲೇಜಿನ ಫೀಸು ಆ ಹಗ್ಗದ ದುಡ್ಡೇ ಅನ್ನೋದು ಅಜ್ಜಿ ಹೋದ್ಮೇಲೆ ಅಮ್ಮನಿಂದ ಗೊತ್ತಾಯ್ತು.

ಅಜ್ಜಿ ಹೊಸೆದ ಒಂದು ಹಗ್ಗ ಇನ್ನೂ ನಮ್ಮ ಅಟ್ಟದ ಮೇಲೈತೆ. ಮೊನ್ನೆ ಇಳಿಸಿ, ಧೂಳು ಕೊಡವಿ, ಫೋಟೋ ತೆಗೆದು ಅಣ್ಣನ ಮಗಳಿಗೆ ಕಳಿಸ್ದೆ. "ನಿನ್ನ ಮಗಳಿಗೆ ತೋರ್ಸು, ನಿನ್ನ ಮುತ್ತಜ್ಜಿ ಹೆಸ್ರು ಹಗ್ಗದಮ್ಮ ಅಂತ ಹೇಳು" ಅಂತ ಬರೆದೆ. ನಿಮ್ಮನೇಲೂ ಇಂಥ ಹೆಸ್ರಿನ ಅಜ್ಜೀರಿದ್ರೆ ಮಕ್ಕಳಿಗೆ ಹೇಳಿ ಕಣ್ರಮ್ಮ.