ಪರದೆಯ ಕೆಳಗೆ ಮರಳಿ ಬಂದವರು

ಮನೆಯಲ್ಲಿ ಮಕ್ಕಳು 'ಟಾಮ್ ಅಂಡ್ ಜೆರ್ರಿ' ನೋಡುತ್ತಿರುವಾಗ ಒಮ್ಮೆ ಟಿ.ವಿ.ಯ ಸದ್ದನ್ನು ಪೂರ್ತಿ ಅಡಗಿಸಿ ನೋಡಿ. ಬೆಕ್ಕು ಓಡುತ್ತದೆ, ಇಲಿ ಬಿಲ ಸೇರುತ್ತದೆ, ಬಾಣಲೆ ಬೆಕ್ಕಿನ ಮುಖಕ್ಕೆ ಬಡಿಯುತ್ತದೆ. ಆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಇನ್ನು ಚಿತ್ರ ಬಿಟ್ಟು ಸದ್ದನ್ನಷ್ಟೇ ಕೇಳುತ್ತ ಅಡುಗೆಮನೆಯಲ್ಲಿ ನಿಲ್ಲಿ. ಬೆಕ್ಕು ಈಗ ತುದಿಗಾಲಲ್ಲಿ ನಡೆಯುತ್ತಿದೆ, ಈಗ ಜಾರಿತು, ಈಗ ಬಿತ್ತು ಎಂಬುದು ಕಿವಿಗೇ ತಿಳಿಯುತ್ತದೆ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಇಂಗ್ಲಿಷಿನ ಗಂಧಗಾಳಿ ಇಲ್ಲದ ಮಕ್ಕಳೂ ಈ ಬೆಕ್ಕು-ಇಲಿಯನ್ನು ತಮ್ಮದಾಗಿಸಿಕೊಂಡದ್ದರ ಗುಟ್ಟು ಇದೇ. ಮಾತಿನ ಕೆಲಸವನ್ನು ಅಲ್ಲಿ ವಾದ್ಯಗಳು ಮಾಡುತ್ತಿದ್ದವು. ಆ ವಾದ್ಯಗಳನ್ನು ನುಡಿಸಿದವರು ಯಾರೆಂದು ಮಾತ್ರ ನಾವು ಕೇಳಲಿಲ್ಲ.

ಅಮೆರಿಕದಲ್ಲಿ ಒಬ್ಬರು ಅದನ್ನು ಕೇಳಿದರು. ಸಂಗೀತ ನಿರ್ದೇಶಕ ಜಾರ್ಜ್ ಡಾಹರ್ಟಿ ತಮ್ಮ ಸಂಗಾತಿ ಡೇವಿಡ್ ಕಾ ಲಿಕ್ ವಾಂಗ್ ಜೊತೆಗೂಡಿ 1990ರಲ್ಲಿ 'ಬಗ್ಸ್ ಬನ್ನಿ ಆನ್ ಬ್ರಾಡ್‌ವೇ' ಎಂಬ ಪ್ರದರ್ಶನವನ್ನು ರೂಪಿಸಿದರು. ಅದು ನ್ಯೂಯಾರ್ಕಿನ ಗರ್ಷ್‌ವಿನ್ ಥಿಯೇಟರಿನಲ್ಲೂ ನಡೆಯಿತು. ಆರ್ಕೆಸ್ಟ್ರಾ ಎಂದರೆ ನಮ್ಮಲ್ಲಿ ಗಣೇಶೋತ್ಸವದ ರಾತ್ರಿ ಸಿನಿಮಾ ಹಾಡು ಹೇಳುವ ತಂಡ ನೆನಪಾಗುತ್ತದೆ. ಇದು ಬೇರೆ. ಪಿಟೀಲು, ಕೊಳಲು, ಕಹಳೆ, ನಗಾರಿಗಳ ದೊಡ್ಡ ವಾದ್ಯಮೇಳ ವೇದಿಕೆಯ ಮೇಲೆ ಕೂರುತ್ತದೆ. ಮೇಲೆ ದೊಡ್ಡ ಪರದೆಯಲ್ಲಿ ಹಳೆಯ ಕಾರ್ಟೂನು ಓಡುತ್ತದೆ. ಪಾತ್ರಗಳ ಮಾತು, ಡಬಾರ್ ದುಡುಂ ಸದ್ದುಗಳು ಹಳೆಯವೇ. ಸಂಗೀತ ಮಾತ್ರ ಪ್ರೇಕ್ಷಕರ ಕಣ್ಣೆದುರೇ ಹುಟ್ಟಬೇಕು. ಗಾಯಕ ಆಲಾಪ ಬೆಳೆಸಿದರೆ ತಬಲದವನು ಕಾಯುತ್ತಾನೆ. ಆದರೆ ಪರದೆ ಯಾರಿಗೂ ಕಾಯುವುದಿಲ್ಲ. ಮೊಲ ಬೀಳುವ ಗಳಿಗೆಯಲ್ಲಿ ತಾಳ ಬೀಳದಿದ್ದರೆ ನಗೆ ಕೆಟ್ಟಿತೆಂದೇ ಅರ್ಥ.

ಈ ಕರಾರುವಾಕ್ಕಾದ ಲೆಕ್ಕದ ಹಿಂದೆ ಕಾರ್ಲ್ ಸ್ಟಾಲಿಂಗ್ ಎಂಬ ಸಂಗೀತಗಾರನಿದ್ದಾನೆ. 1891ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿದ ಈತ ಮೂಕಿ ಚಿತ್ರಗಳ ಕಾಲದಲ್ಲಿ ಕಾನ್ಸಾಸ್ ಸಿಟಿಯ ಚಿತ್ರಮಂದಿರಗಳಲ್ಲಿ ಆರ್ಗನ್ ನುಡಿಸುತ್ತಿದ್ದ. ಪರದೆಯ ಮೇಲೆ ಕಣ್ಣು, ಮಣೆಗಳ ಮೇಲೆ ಬೆರಳು. ನಮ್ಮಲ್ಲೂ ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ತಬಲಗಳ ಸಾಥ್ ಇರುತ್ತಿತ್ತು. ಆ ಊರಿನಲ್ಲೇ ಪರಿಚಯವಾದ ವಾಲ್ಟ್ ಡಿಸ್ನಿಗಾಗಿ ಸ್ಟಾಲಿಂಗ್ 1929ರಲ್ಲಿ 'ದಿ ಸ್ಕೆಲೆಟನ್ ಡಾನ್ಸ್' ಚಿತ್ರಕ್ಕೆ ಸಂಗೀತ ಕೊಟ್ಟ. 1936ರಲ್ಲಿ ವಾರ್ನರ್ ಬ್ರದರ್ಸ್ ಸೇರಿ, 1958ರಲ್ಲಿ ನಿವೃತ್ತನಾಗುವವರೆಗಿನ 22 ವರ್ಷಗಳಲ್ಲಿ 600ಕ್ಕೂ ಹೆಚ್ಚು ಕಿರುಚಿತ್ರಗಳಿಗೆ ಸಂಗೀತ ಬರೆದ. ಒಂದೊಂದೂ ಆರೇಳು ನಿಮಿಷದ್ದು.

ಲೆಕ್ಕ ಹೀಗಿತ್ತು: ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. 12 ಚೌಕಟ್ಟುಗಳಿಗೊಂದು ತಾಳವೆಂದರೆ ಸೆಕೆಂಡಿಗೆ ಎರಡು, ನಿಮಿಷಕ್ಕೆ 120. ಎಂಟಕ್ಕೊಂದಾದರೆ 180. ಈ ತಾಳದ 'ಟಿಕ್ ಟಿಕ್' ಸದ್ದು ವಾದಕರ ಕಿವಿಗೆ ಬೀಳುತ್ತಿತ್ತು. ಅದನ್ನು ಹಿಡಿದು ನುಡಿಸಿದರೆ ಹೆಜ್ಜೆಗೂ ಸ್ವರಕ್ಕೂ ಕೂದಲೆಳೆಯ ಅಂತರವೂ ಉಳಿಯದು. ಈ ವಿಧಾನವನ್ನು ಬೆಳೆಸಿದವರಲ್ಲಿ ಸ್ಟಾಲಿಂಗ್ ಮುಖ್ಯನಾದವನು. ಇನ್ನು ವಾದಕರೋ, ವಾರ್ನರ್ ಸಂಸ್ಥೆಯ ದೊಡ್ಡ ಚಿತ್ರಗಳಿಗೆ ನುಡಿಸುತ್ತಿದ್ದ ನುರಿತವರೇ. ರೊಸ್ಸಿನಿಯ ಸಂಗೀತವನ್ನು ಕ್ಷೌರದಂಗಡಿಯ ಗದ್ದಲಕ್ಕೆ ಹೊಂದಿಸಿದ 'ರ‍್ಯಾಬಿಟ್ ಆಫ್ ಸೆವಿಲ್' (1950), ವಾಗ್ನರನ ಗಂಟೆಗಟ್ಟಲೆಯ ಸಂಗೀತನಾಟಕಗಳನ್ನು ಏಳೇ ನಿಮಿಷಕ್ಕೆ ಹಿಂಡಿದ 'ವಾಟ್ಸ್ ಆಪೆರಾ, ಡಾಕ್?' (1957) ಇಂಥವರ ಕೈಯಿಂದಲೇ ಬಂದವು. ಎರಡನೆಯದಕ್ಕೆ ಸಂಗೀತ ಹೊಂದಿಸಿದವನು ಸ್ಟಾಲಿಂಗನ ಜೊತೆಗಾರ ಮಿಲ್ಟ್ ಫ್ರ್ಯಾಂಕ್ಲಿನ್. ಪರದೆಯ ಮೇಲೆ ಸಂಗೀತ ನಿರ್ದೇಶಕನ ಹೆಸರು ಬರುತ್ತಿತ್ತು. ನುಡಿಸಿದವರ ಹೆಸರು ಬರುತ್ತಿರಲಿಲ್ಲ.

ಹೆಸರಿಲ್ಲದಿದ್ದರೂ ಇವರಿಗೆ ಕೆಲಸವಾದರೂ ಇತ್ತು. 1927ರ 'ದಿ ಜಾಝ್ ಸಿಂಗರ್' ನಂತರ ಮಾತಾಡುವ ಚಿತ್ರಗಳು ಬಂದದ್ದೇ ತಡ, ಚಿತ್ರಮಂದಿರಗಳ ಸಾವಿರಾರು ವಾದಕರು ಬೀದಿಗೆ ಬಿದ್ದರು. 'ಡಬ್ಬಿ ಸಂಗೀತ' ಬೇಡವೆಂದು ಅವರ ಸಂಘ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಅವುಗಳಲ್ಲಿ ಯಂತ್ರಮಾನವನೊಬ್ಬ ಸಂಗೀತಗಾರನ ಜಾಗದಲ್ಲಿ ಕೂತಿರುತ್ತಿದ್ದ. ಜನ ಕಿವಿಗೊಡಲಿಲ್ಲ. ಯಂತ್ರ ಬಂದಾಗ ಮೊದಲು ಮರೆಯಾಗುವುದು ಕೈಗಳು ಎಂಬುದು ನೇಕಾರರ ನಾಡಿನವರಾದ ನಮಗೆ ಹೊಸ ಪಾಠವೇನಲ್ಲ.

ಕೈಗಳ ನಂತರ ಕಾಗದದ ಸರದಿ. ಟಾಮ್ ಅಂಡ್ ಜೆರ್ರಿಯ ಸಂಗೀತ ಬರೆದವನು ಎಂ.ಜಿ.ಎಂ. ಸ್ಟುಡಿಯೋದ ಸ್ಕಾಟ್ ಬ್ರ್ಯಾಡ್ಲಿ. ಬೆಕ್ಕು ಪಿಯಾನೋ ಮುಂದೆ ಕೂತು ಲಿಸ್ಟ್‌ನ ಕೃತಿ ನುಡಿಸುವ 'ದಿ ಕ್ಯಾಟ್ ಕಾನ್ಸರ್ಟೋ' ಆಸ್ಕರ್ ಗೆದ್ದ ಚಿತ್ರ. ಆದರೆ 1970ರ ಸುಮಾರಿಗೆ ಇದೇ ಸ್ಟುಡಿಯೋ ತನ್ನ ಸಂಗೀತ ಭಂಡಾರದ ಬಹುಪಾಲು ಸ್ವರಲಿಪಿಗಳನ್ನು ಜಾಗ ತೆರವು ಮಾಡಲೆಂದು ಕಸಕ್ಕೆ ಹಾಕಿತು. ಮುಂದೆ ಇಂಗ್ಲೆಂಡಿನ ಜಾನ್ ವಿಲ್ಸನ್ ಎಂಬ ಸಂಗೀತ ನಿರ್ದೇಶಕ ಆ ಸ್ಟುಡಿಯೋದ ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ಕೇಳಿ, ಕಿವಿಯಿಂದಲೇ ಸ್ವರಗಳನ್ನು ಹೆಕ್ಕಿ ಕಾಗದಕ್ಕಿಳಿಸಿದ. 2013ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನ ಮೇಳ ಟಾಮ್ ಅಂಡ್ ಜೆರ್ರಿಯ ಸಂಗೀತವನ್ನೂ ನುಡಿಸಿತು. ಹಿರಿಯರಿಂದ ಕೇಳಿದ್ದನ್ನು ಎದೆಯಲ್ಲಿಟ್ಟುಕೊಂಡು ಉಳಿಸುವುದು ನಮ್ಮ ಮೌಖಿಕ ಪರಂಪರೆಗೆ ಸಹಜ. ಎಲ್ಲವನ್ನೂ ಬರೆದಿಡುವ ಸಮಾಜಕ್ಕೂ ಕೊನೆಗೆ ಕಿವಿಯೇ ಆಸರೆಯಾಯಿತು.

ಹಾಗಾಗಿ ಈ ಕಾರ್ಟೂನ್ ಕಛೇರಿಗಳನ್ನು ಬರೀ ಮಕ್ಕಳ ಮೋಜೆಂದು ತಳ್ಳಿಹಾಕಲಾಗದು. ಒಂದು ಕಾಲಕ್ಕೆ ಪರದೆಯ ಕೆಳಗಿನ ತಮ್ಮ ಜಾಗದಿಂದ ಎಬ್ಬಿಸಲ್ಪಟ್ಟವರ ವಂಶದವರು ಅದೇ ಜಾಗಕ್ಕೆ ಮರಳಿ ಬಂದು ಕೂರುವ ರಾತ್ರಿಯದು. ಮಕ್ಕಳು ಮೊಲವನ್ನು ನೋಡಿ ನಗುತ್ತಾರೆ. ನಡುವೆ ಯಾವುದೋ ಮಗು ಪರದೆಯಿಂದ ಕಣ್ಣು ಕಿತ್ತು, ಕಹಳೆ ಊದುವವನ ಉಬ್ಬಿದ ಕೆನ್ನೆಯನ್ನು ನೋಡುತ್ತದೆ. ಸದ್ದು ಪೆಟ್ಟಿಗೆಯೊಳಗಿಂದ ಬರುವುದಲ್ಲ, ಮನುಷ್ಯನ ಉಸಿರಿನಿಂದ ಬರುವುದು ಎಂದು ಅದಕ್ಕೆ ಆ ಗಳಿಗೆಯಲ್ಲಿ ತಿಳಿದರೆ ಅಷ್ಟೇ ಸಾಕು.