ಕಾಂಡಕೋಶಜನ್ಯ ಯಕೃತ್ ಕೋಶ

ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ, ಯಕೃತ್ತಿನ ಕೆಲಸಗಳನ್ನು ಭಾಗಶಃ ಮಾಡಬಲ್ಲ ಜೀವಕೋಶ. ಮಾನವ ಭ್ರೂಣದ ಕಾಂಡಕೋಶಗಳನ್ನು 1998ರಲ್ಲಿ ಬೇರ್ಪಡಿಸಲಾಯಿತು; 2007ರಲ್ಲಿ ಶಿನ್ಯಾ ಯಮನಾಕ ತಂಡ ವಯಸ್ಕರ ಚರ್ಮದ ಕೋಶಗಳನ್ನೇ ಕಾಂಡಕೋಶದ ಸ್ಥಿತಿಗೆ ಮರಳಿಸಿತು. ಈ ಎರಡೂ ಬಗೆಯ ಕಾಂಡಕೋಶಗಳಿಗೆ ಮೊದಲು ಆಕ್ಟಿವಿನ್-ಎ, ಬಳಿಕ ಬಿಎಂಪಿ ಮತ್ತು ಎಫ್‌ಜಿಎಫ್, ಕೊನೆಗೆ ಎಚ್‌ಜಿಎಫ್ ಮತ್ತು ಆಂಕೊಸ್ಟಾಟಿನ್-ಎಂ ಎಂಬ ಸಂಕೇತ ಪ್ರೋಟೀನ್‌ಗಳನ್ನು ಒದಗಿಸಿದರೆ, ಭ್ರೂಣದ ಬೆಳವಣಿಗೆಯ ಕ್ರಮವನ್ನೇ ಅನುಸರಿಸಿ ಸುಮಾರು ಮೂರು ವಾರಗಳಲ್ಲಿ ಅವು ಯಕೃತ್ ಕೋಶಗಳಂತೆ ಆಲ್ಬುಮಿನ್ ಸ್ರವಿಸತೊಡಗುತ್ತವೆ.

ಈ ಯಕೃತ್ ಕೋಶಗಳ ಹತ್ತಿರದ ಪ್ರಯೋಜನ ಕಸಿಗಿಂತ ಔಷಧ ಪರೀಕ್ಷೆಯಲ್ಲಿದೆ. ದಾನಿಗಳ ಯಕೃತ್ ಕೋಶಗಳು ವಿರಳ, ಪ್ರಯೋಗಾಲಯದ ತಟ್ಟೆಯಲ್ಲಿ ಬೇಗನೆ ಗುಣ ಕಳೆದುಕೊಳ್ಳುತ್ತವೆ. ಪ್ರಾಣಿಗಳ ಯಕೃತ್ತು ಎಲ್ಲ ಔಷಧಗಳನ್ನೂ ಮನುಷ್ಯರಂತೆ ವಿಘಟಿಸುವುದಿಲ್ಲ. ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಮಾನವ ಕೋಶಗಳಿಂದ ಯಕೃತ್ ಅಂಗಾಂಶವನ್ನು 3ಡಿ ಮುದ್ರಣದಿಂದ ರೂಪಿಸಿದ್ದಾಗಿ 2015ರಲ್ಲಿ ಪ್ರಕಟಿಸಿದಾಗ ಮುಂದಿಟ್ಟ ಮುಖ್ಯ ಬಳಕೆಯೂ ಔಷಧ ಪರೀಕ್ಷೆಯೇ. ಕಾಂಡಕೋಶದಿಂದ ಬಂದವು ಅಪಕ್ವ, ಔಷಧ ವಿಘಟಿಸುವ ಸಿವೈಪಿ ಕಿಣ್ವಗಳು ಅವುಗಳಲ್ಲಿ ಕಡಿಮೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಜಪಾನಿನ ತಕಾನೊರಿ ತಕೆಬೆ ತಂಡ 2013ರಲ್ಲಿ ರಕ್ತನಾಳದ ಕೋಶಗಳನ್ನೂ ಜೊತೆಗೂಡಿಸಿ ‘ಯಕೃತ್ ಮೊಗ್ಗು’ ಎಂಬ ಎಳೆಯ ಅಂಗಾಂಶವನ್ನು ಬೆಳೆಸಿದಾಗ, ನೆರೆಕೋಶಗಳ ಒಡನಾಟ ಈ ಕೊರತೆಯನ್ನು ತಗ್ಗಿಸಬಲ್ಲದೆಂದು ಕಂಡಿತು. ಹಾಗೆಂದು ಸೇಡಂ, ಚಿಂಚೋಳಿ, ಚಿತ್ತಾಪುರದಂತಹ ಊರುಗಳ ರೋಗಿಗೆ ಇದು ಇಂದಿನ ಚಿಕಿತ್ಸೆಯಲ್ಲ. ಅಲ್ಲಿ ಯಕೃತ್ತನ್ನು ಕಾಯುವುದು ಹೆಪಟೈಟಿಸ್-ಬಿ ಲಸಿಕೆ, ಮದ್ಯವರ್ಜನೆ ಮತ್ತು ಸಕಾಲದ ತಪಾಸಣೆ.